ಅಣ್ಣ ಕೂರಿಸಿದ ಪುಲ್ಲಿ

ನಲವತ್ತು ದಾಟಿ ಕಿವಿಯ ಮೇಲೆ ಬಿಳಿಕೂದಲು ಇಣುಕಿದರೂ ಗ್ಯಾರೇಜಿನ ಬೀದಿಗೆ ಅವನು ಚಿಕ್ಕೋನೇ. ದೊಡ್ಡೋನು, ಅಂದರೆ ಅವನ ಅಣ್ಣ, ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಶೆಡ್ಡಿನ ಮೂಲೆಯಲ್ಲಿದ್ದ ಅವನ ಕಬ್ಬಿಣದ ಸ್ಟೂಲಿನ ಮೇಲೆ ಮಾತ್ರ ಇನ್ನೂ ಯಾರೂ ಕೂರುತ್ತಿರಲಿಲ್ಲ. ಚಿಕ್ಕೋನು ಸ್ಪ್ಯಾನರ್ ಒರಟಾಗಿ ಎಳೆದರೆ ಆ ಕಡೆಯಿಂದ, ಅಣ್ಣ ಮಾಡುತ್ತಿದ್ದ ಹಾಗೇ, ‘ಚ್ಚು’ ಎಂದು ಲೊಚಗುಟ್ಟಿದ ಸದ್ದು. ತಿರುಗಿ ನೋಡಿದರೆ ಬರೀ ಸ್ಟೂಲು. ಯಾರಿಗೆ ಹೇಳುವುದು? ಹೇಳಿದರೆ ತಲೆ ಕೆಟ್ಟಿದೆ ಅಂತಾರೆ.

ಆವತ್ತು ಎದುರಿಗೆ ನಿಂತಿದ್ದದ್ದು ಕೆಂಪು ಕಾರು, ಓಟದ ಹುಚ್ಚಿನವರು ಇಟ್ಟುಕೊಳ್ಳುವಂಥದ್ದು. ಎಂಜಿನ್ನಿಗೆ ಗಾಳಿ ತುರುಕುವ ಅದರ ಸೂಪರ್‌ಚಾರ್ಜರಿನ ಬೇರಿಂಗು ಹೋಗಿ ಕೀರಲು ಹಿಡಿದಿತ್ತು. ಬೇರಿಂಗು ಬದಲಿಸಬೇಕಾದರೆ ಮುಂದಿನ ಪುಲ್ಲಿ, ಅಂದರೆ ಬೆಲ್ಟು ಸುತ್ತುವ ಗಾಲಿ, ಕಳಚಬೇಕು. ಆ ಪುಲ್ಲಿಯನ್ನು ಕೂರಿಸಿದವನು ಅಣ್ಣ, ಸಾಯುವುದಕ್ಕೆ ಸ್ವಲ್ಪ ಮೊದಲು.

“ಸಂಜೆಯೊಳಗೆ ಆಗದಿದ್ರೆ ದೊಡ್ಡ ವರ್ಕ್‌ಶಾಪಿಗೆ ಎಳೆಸ್ಕೊಂಡು ಹೋಗ್ತೀನಪ್ಪ,” ಅಂದಿದ್ದ ಕಾರಿನ ಯಜಮಾನ. “ನಿಮ್ಮಣ್ಣ ಇದ್ದಿದ್ರೆ...”

“ಇದ್ದಿದ್ರೆ ಈ ಗೋಳೇ ಇರ್ತಿರಲಿಲ್ಲ ಬಿಡಿ ಸಾರ್. ಕೂರಿಸಿದೋನೇ ಎಬ್ಬಿಸ್ತಿದ್ದ.”

ಚಿಕ್ಕೋನು ನಕ್ಕೇ ಹೇಳಿದ. ‘ನಿಮ್ಮಣ್ಣ ಇದ್ದಿದ್ರೆ’ ಅನ್ನುತ್ತಲೇ ಹಳೇ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡಿದ್ದರು. ಇದೂ ಹೋದರೆ ಶೆಡ್ಡಿಗೆ ಬೀಗವೇ.

ಪುಲ್ಲಿಯನ್ನು ಎಳೆದು ಕೀಳುವ ಮೂರು ಉಗುರಿನ ಪುಲ್ಲರ್ ಹಾಕಿ ಬಿಗಿದ. ಉಗುರು ಜಾರಿ ಪುಲ್ಲಿಯ ಅಂಚು ಚಕ್ಕೆ ಎದ್ದಿತು. ಗ್ಯಾಸ್ ಟಾರ್ಚು ಹಿಡಿದು ಕಾಯಿಸಿ ಮತ್ತೆ ಬಿಗಿದ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಹಿಂದಿನ ಮನೆಯಿಂದ ಅತ್ತಿಗೆ ಕಾಫಿ ತಂದರು. “ಏನಂತೆ ನಿಮ್ಮಣ್ಣನ ಪುಲ್ಲಿ?”

“ಅವನ ಹಾಗೇ ಅತ್ತಿಗೆ. ಕೂತ ಜಾಗ ಬಿಡಲ್ಲ.”

ಅತ್ತಿಗೆ ನಗಲು ಹೋಗಿ ಸ್ಟೂಲಿನ ಕಡೆ ನೋಡಿ, ಅವನು ಕುಡಿದು ಕೊಟ್ಟ ಲೋಟ ತೆಗೆದುಕೊಂಡರು.

ಬೇರೆ ಯಾವ ಮೆಕ್ಯಾನಿಕ್ ಆಗಿದ್ದರೂ ಮೊದಲು ಪಿನ್ ಹುಡುಕುತ್ತಿದ್ದ. ಪುಲ್ಲಿ ಜಾರದಿರಲಿ ಎಂದು ಅದರ ಕುತ್ತಿಗೆಗೂ ಒಳಗಿನ ಶಾಫ್ಟಿಗೂ ಸೇರಿಸಿ ಸಣ್ಣ ಪಿನ್ ಹೊಡೆಯುವವರುಂಟು. ಈ ಶೆಡ್ಡಿನಲ್ಲಿ ಮಾತ್ರ ಆ ಯೋಚನೆಯೇ ಬರುವಂತಿಲ್ಲ. “ಪಿನ್ ಹೊಡೆಯೋನು ತನ್ನ ಕೈಯನ್ನ ತಾನೇ ನಂಬದೋನು ಕಣೋ,” ಎಂದು ಅಣ್ಣ ಜನ್ಮವಿಡೀ ಆಡಿಕೊಂಡಿದ್ದ. ಅವನ ಕೈ ಅಂದರೆ ಕೈ.

ಚಿಕ್ಕೋನು ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಮೈಭಾರವನ್ನೆಲ್ಲಾ ಹಾಕಿದ. ಪುಲ್ಲರ್ ನರಳಿತು.

‘ಚ್ಚು!’

ಕಿವಿಯ ಪಕ್ಕದಲ್ಲೇ ಕೇಳಿದಂತಾಗಿ ಕೈ ಬಿಟ್ಟುಬಿಟ್ಟ. ಸುಮ್ಮನೆ ಬಗ್ಗಿ ನೋಡಿದ. ಬೆಂಕಿಗೆ ಬಣ್ಣ ಸುಟ್ಟುಹೋದ ಕಡೆ, ಪುಲ್ಲಿಯ ಕುತ್ತಿಗೆಯಲ್ಲಿ, ಕಾಳಿನಷ್ಟು ಸಣ್ಣದೊಂದು ಉಂಗುರ ಕಾಣುತ್ತಿತ್ತು. ಪಿನ್. ಅರದಿಂದ ನುಣ್ಣಗೆ ಉಜ್ಜಿ, ಮೇಲೆ ಕಪ್ಪು ಬಣ್ಣ ಬಳಿದು ಮುಚ್ಚಿದ್ದು. ಇನ್ನೊಂದು ಸುತ್ತು ಎಳೆದಿದ್ದರೆ ಶಾಫ್ಟೇ ಹಾಳಾಗುತ್ತಿತ್ತು.

“ಅತ್ತಿಗೆ, ಇದು ಅಣ್ಣನ ಕೆಲಸ ಅಲ್ಲ. ಬೇರೆ ಯಾರೋ ಮಾಡಿದ್ದಾರೆ.”

ಅತ್ತಿಗೆ ಖಾಲಿ ಲೋಟವನ್ನು ಸೆರಗಿನಲ್ಲಿ ಒರೆಸುತ್ತಲೇ ನಿಂತಿದ್ದರು. “ಅವರದ್ದೇ ಕಣೋ. ಕೊನೆಕೊನೆಗೆ ಕೈ ನಡುಗೋದು. ಈ ಲೋಟ ಕೂಡ ಎರಡು ಕೈಯಲ್ಲಿ ಹಿಡೀತಿದ್ರು. ‘ಚಿಕ್ಕೋನಿಗೆ ಗೊತ್ತಾಗ್ಬಾರದು’ ಅಂದ್ರು. ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು.”

ಆ ದಿನಗಳಲ್ಲಿ ಪುಲ್ಲಿ ಕೂರಿಸುವ ಹೊತ್ತಿಗೆ ಸರಿಯಾಗಿ ಅಣ್ಣ “ಹೋಗಿ ಬೋಲ್ಟ್ ತಗೊಂಡ್ಬಾ” ಎಂದು ಅಟ್ಟುತ್ತಿದ್ದ. ನನ್ನ ಮೇಲೆ ನಂಬಿಕೆಯಿಲ್ಲ ಎಂದು ಚಿಕ್ಕೋನು ಮುಖ ಊದಿಸಿಕೊಂಡು ಹೋಗುತ್ತಿದ್ದ.

ಪಿನ್ನನ್ನು ಮೆಲ್ಲಗೆ ಕೊರೆದು ತೆಗೆದ. ಮತ್ತೆ ಕಾಯಿಸಿ ಪುಲ್ಲರ್ ಬಿಗಿದಾಗ ‘ಟಕ್’ ಎಂದು ಪುಲ್ಲಿ ಎದ್ದು ಬಂತು. ಶಾಫ್ಟ್ ನೆಟ್ಟಗಿತ್ತು.

ಸಂಜೆ ಹೊಸ ಬೇರಿಂಗು, ಹೊಸ ಪುಲ್ಲಿಯ ಕಾರನ್ನು ಯಜಮಾನ ಓಡಿಸಿ ನೋಡಿದ. “ನಿಮ್ಮಣ್ಣನ ಕೈಯಷ್ಟೇ ಗಟ್ಟಿ ತಾನೆ?”

ಚಿಕ್ಕೋನು ಅತ್ತಿಗೆಯ ಮುಖ ನೋಡಿದ. “ಅವನ ಕೈ ಯಾರಿಗೂ ಬರಲ್ಲ ಸಾರ್,” ಅಂದ.

ಕಾರು ಹೋಯಿತು. ಅವನು ಮೊದಲ ಸಲ ಆ ಸ್ಟೂಲಿನ ಮೇಲೆ ಕೂತು ಬಲಗೈಯನ್ನು ಮುಂದೆ ಚಾಚಿ, ಬೆರಳು ಬಿಡಿಸಿ, ನಡುಗುತ್ತದೆಯೇ ಎಂದು ರೆಪ್ಪೆ ಬಡಿಯದೆ ನೋಡತೊಡಗಿದ.

“ಏನೋ ಅದು, ಹಾಗೆ ನೋಡ್ತಿದ್ದೀಯ?” ಬಾಗಿಲಲ್ಲಿ ಅತ್ತಿಗೆ.

“ಏನಿಲ್ಲ ಅತ್ತಿಗೆ.”

‘ಚ್ಚು’ ಎಂದಿತು. ಈ ಸಲ ಎದುರಿನಿಂದ, ಅವನು ದಿನಾ ನಿಂತು ಕೆಲಸ ಮಾಡುವ ಜಾಗದಿಂದ.