ಜಂಬವ್ವ ಕುಣಿಮಗ್ಗಕ್ಕೆ ಇಳಿದದ್ದು

ಮರಿಯಮ್ಮನಹಳ್ಳಿಯ ನಮ್ಮ ಓಣಿಯಲ್ಲಿ ಕಂಬಳಿ ನೇಯುವ ಮನೆ ಅಂತ ಉಳಿದಿರುವುದು ಒಂದೇ, ನಮ್ಮ ಗೋಡೆಗೆ ಅಂಟಿಕೊಂಡಿರುವ ಜಂಬವ್ವನ ಮನೆ. ಅದೂ ಹೆಸರಿಗಷ್ಟೇ. ಗಂಡ ಎರ್ರಿಯಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಮಗ್ಗ ಸದ್ದು ಮಾಡಿರಲಿಲ್ಲ. ನಮ್ಮಲ್ಲಿ ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ. ನೆಲ ತೋಡಿ ಮಾಡಿದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಹೆಂಗಸನ್ನು ನಾನಂತೂ ಕಂಡಿರಲಿಲ್ಲ. ನಲವತ್ತು ವರ್ಷ ನೂಲು ತೆಗೆದ ಜಂಬವ್ವನೂ ಅಲ್ಲಿ ಕೂತವಳಲ್ಲ.

ಲಾರಿ ಓಡಿಸುವ ಮಗ ರಾಮಾಂಜಿನಿ ಪಡಸಾಲೆಗೆ ಹಾಕಿಸಲು ಟೈಲ್ಸ್ ತಂದು ಒಟ್ಟಿದ. ಅಲ್ಲಿರುವ ಮಗ್ಗದ ಕುಣಿ ಮುಚ್ಚಬೇಕೆಂದು ಗಾರೆ ಕೆಲಸದ ಗೌಂಡಿ ಜಡೆಪ್ಪನಿಗೂ ಹೇಳಿಬಂದ.

"ಹದಿನೈದು ದಿನ ತಡಿ," ಅಂದಳು ಜಂಬವ್ವ. "ನಿಮ್ಮಪ್ಪ ನೇಯ್ದು ಉಳಿದಿದ್ದ ನೂಲೈತಿ. ಕಂಬಳಿಗೆ ಸಾಲಲ್ಲ, ಸ್ಕಾರ್ಫ್ ನೇಯ್ತೀನಿ. ಹೊರಗಿನವರು ಒಬ್ಬರಾದ್ರೂ ಬೇಕು ಅಂದ್ರ ಕುಣಿ ಇರ್ಲಿ. ಅನ್ನಲಿಲ್ಲಂದ್ರ ನಾನ ಮಣ್ಣು ಹಾಕ್ತೀನಿ."

"ನೀ ನೇಯ್ತಿ?" ರಾಮಾಂಜಿನಿ ನಕ್ಕ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಬುಟ್ಟಿಯಲ್ಲಿದ್ದದ್ದು ಕರಿ, ಕಂದು, ಬಿಳಿ ನೂಲಿನ ಅರ್ಧಂಬರ್ಧ ಉಂಡೆಗಳು. ಅವನ್ನು ನೆಲದ ಮೇಲೆ ಹರಡಿಕೊಂಡು ಎರಡು ದಿನ ಜೋಡಿಸಿದಳು, ಕೆಡಿಸಿದಳು. ಕೊನೆಗೆ ಕರಿ ಮುಗಿದಲ್ಲಿ ಕಂದು, ಕಂದು ಮುಗಿದಲ್ಲಿ ಬಿಳಿ ಅಂತ ನಿರ್ಧರಿಸಿದಳು. ಕಂಬಳಿಯಲ್ಲಿ ಗಂಟು ಕಂಡರೆ ಎರ್ರಿಯಪ್ಪ ಸಿಡಿಮಿಡಿಗೊಳ್ಳುತ್ತಿದ್ದ. ಇವಳು ಗಂಟುಗಳನ್ನೆಲ್ಲ ಅಂಚಿಗೆ ತಂದು ಪುಟ್ಟ ಪುಟ್ಟ ಗೊಂಡೆ ಮಾಡಿದಳು.

ಎಡವಿದ್ದು ಬೇರೆ ಕಡೆ. ಮಗ್ಗಕ್ಕೆ ಹಾಸುವ ನೂಲಿಗೆ, ಕೈಗೆ ಅಭ್ಯಾಸವಾಗಿದ್ದ ಹಾಗೆ, ಕಂಬಳಿಗೆ ಬಳಿಯುವಷ್ಟೇ ದಪ್ಪಗೆ ಹುಣಸೆಬೀಜದ ಗಂಜಿ ಬಳಿದುಬಿಟ್ಟಿದ್ದಳು. ನೇಯ್ದು ಇಳಿಸಿದ ಸ್ಕಾರ್ಫು ಗೋಡೆಗೆ ಆನಿಸಿದರೆ ನಿಂತುಕೊಂಡಿತು. ನನ್ನ ಕೊರಳಿಗೆ ಸುತ್ತಿದಾಗ ಚರ್ಮ ತರಚಿತು.

"ಇದನ್ನ ಎತ್ತಿಗೆ ಹಾಕು ಜಂಬಕ್ಕ, ಹಗ್ಗ ಉಳಿತೈತಿ," ಅಂದೆ. ಅವಳು ನಗಲಿಲ್ಲ. ಬಿಚ್ಚಿಕೊಂಡು ಒಳಗೆ ಹೋದಳು. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಅಂತ ಅವತ್ತಿಡೀ ನನ್ನನ್ನೇ ಬೈದುಕೊಂಡೆ.

ಮರುದಿನ ಬಿಸಿನೀರಿಗೆ ಅಂಟುವಾಳಕಾಯಿ ಕಿವುಚಿ ಹಾಕಿ, ಸ್ಕಾರ್ಫನ್ನು ಅದರಲ್ಲಿಟ್ಟು ತುಳಿದಳು. ಗಂಜಿಯೆಲ್ಲ ಬಿಟ್ಟಿತು. ಆದರೆ ಬಿಳಿಯದು ಮರಿಗಳ ಉಣ್ಣೆ, ಕರಿಯದಕ್ಕಿಂತ ಹೆಚ್ಚು ಕುಗ್ಗಿತು. ಬಿಳಿ ಬಂದಲ್ಲೆಲ್ಲ ನೆರಿಗೆ ಬಿತ್ತು.

"ಕೆಟ್ಟಿಲ್ಲ, ಹೇಮಾ," ಅಂದಳು ನಾನು ಬಾಯಿ ತೆರೆಯುವ ಮೊದಲೇ. "ಮುಟ್ಟಿ ನೋಡು."

ಮುಟ್ಟಿದೆ. ಕೂಸಿನ ಕೆನ್ನೆಯಷ್ಟು ಮೆತ್ತಗಿತ್ತು. ಉಳಿದ ನೂಲಿನಲ್ಲಿ ಇನ್ನೊಂದು ನೇಯ್ದಳು. ಈ ಸಲ ಗಂಜಿ ತೆಳ್ಳಗೆ ಬಳಿದು, ಬಿಳಿ ನೂಲನ್ನು ತನಗೆ ನೆರಿಗೆ ಎಲ್ಲಿ ಬೇಕೋ ಅಲ್ಲಷ್ಟೇ ಹಾಕಿದಳು. ಬುಟ್ಟಿ ಖಾಲಿಯಾಯಿತು.

ಎರಡನ್ನೂ ಹೊಸಪೇಟೆಗೆ ಒಯ್ದು ಅಂಗಡಿ ಅಂಗಡಿ ಹತ್ತಿಳಿದಳು. ಮಷಿನ್ ಮಾಲಿರುವಾಗ ಇದನ್ನು ಯಾರು ಕೇಳುತ್ತಾರೆ ಅಂತ ಎಲ್ಲರೂ ಸಾಗಹಾಕಿದರು. ಸೊಸೆ ಶಿಲ್ಪಶ್ರೀಗೆ ನಸುಕಿನ ಫ್ಯಾಕ್ಟರಿ ಬಸ್ಸು, ಚಳಿಗಾಲ ಬೇರೆ. ಒಂದನ್ನು ಕೊರಳಿಗೆ ಸುತ್ತಿಕೊಂಡು ಹೋಗತೊಡಗಿದಳು. ಮನೆಯವಳು ಹಾಕಿಕೊಂಡರೆ ಶರತ್ತಿನ ಪ್ರಕಾರ ಲೆಕ್ಕಕ್ಕಿಲ್ಲವಲ್ಲ.

ಹದಿನಾರನೆಯ ದಿನ ಮಧ್ಯಾಹ್ನ ಜಡೆಪ್ಪ ಕರಣೆ ಹಿಡಿದು ಬಂದ. ಜಂಬವ್ವ ಯಾರ ಮುಖವನ್ನೂ ನೋಡದೆ ಮೊದಲ ಬುಟ್ಟಿ ಮಣ್ಣು ತಾನೇ ಎತ್ತಿಕೊಂಡಳು. ಅಷ್ಟರಲ್ಲಿ ಕೆಲಸ ಮುಗಿಸಿ ಸೊಸೆ ಬಂದಳು. ಕೊರಳು ಬರಿದಾಗಿತ್ತು.

"ಸ್ಕಾರ್ಫ್ ಎಲ್ಲಿ?" ರಾಮಾಂಜಿನಿ ಕೇಳಿದ.

"ಬಸ್ಸಿನಾಗ ನಮ್ಮ ಫ್ಯಾಕ್ಟರಿ ದುರ್ಗಕ್ಕ ಬಿಚ್ಚಿಸ್ಕೊಂಡ್ಲು. ಜೀವ ಹೋದ್ರೂ ವಾಪಸ್ ಕೊಡಲ್ಲ ಅಂತಾಳ. ಅತ್ತಿ, ಇನ್ನ ನಾಕು ಮಂದಿ ತಮಗೂ ಬೇಕು ಅಂದಾರ."

ಜಂಬವ್ವ ಬುಟ್ಟಿ ಇಳಿಸಿ ಕುಣಿಯ ಅಂಚಿನಲ್ಲಿ ಕುಸಿದು ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ರಾಮಾಂಜಿನಿ ಖಾಲಿ ನೂಲಿನ ಬುಟ್ಟಿಯನ್ನು ಎತ್ತಿ ನೋಡಿದ. ಆಮೇಲೆ ಕುಣಿ ಬಿಟ್ಟು ಸುತ್ತಲೂ ಟೈಲ್ಸ್ ಹಾಕು ಅಂತ ಜಡೆಪ್ಪನಿಗೆ ಹೇಳಿ, ತಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಯವ್ವ, ಎಷ್ಟು ಉಣ್ಣೆ ತರ್ಲಿ?"