ಭಾಮಾಬಾಯಿ ಮತ್ತು ಎಡಗಡೆಯ ಗಾಲಿ

ಪುಣೆಯ ಸದಾಶಿವ ಪೇಠದಲ್ಲಿ ಹೆಂಗಸೊಬ್ಬಳು ಕಾರು ಓಡಿಸಿಕೊಂಡು ಬಂದರೆ ಜನ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದ ಕಾಲ ಅದು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಭಾಮಾಬಾಯಿಗೆ ಆ ನೋಟ ಅಭ್ಯಾಸವಾಗಿ ಹೋಗಿತ್ತು. ಅವಳು ಧಾರವಾಡದವಳು. ಬೆಳಗಾವಿಗೆ ಮದುವೆ ಮಾಡಿ ಕೊಟ್ಟಿದ್ದರು. ಸಂಸಾರ ಅಂದರೇನು ಅಂತ ತಿಳಿಯುವ ಮೊದಲೇ ಗಂಡ ತೀರಿಕೊಂಡ. ಅತ್ತೆಯ ಮನೆಯ ಅಡುಗೆಮನೆಯಲ್ಲಿ ಕೆಲವು ವರ್ಷ ಕಳೆದ ಮೇಲೆ ಅಕ್ಕ ಗೋದಾಬಾಯಿ ಬಂದು, ಯಾರನ್ನೂ ಹೆಚ್ಚು ಕೇಳದೆ, ತಂಗಿಯನ್ನು ಪುಣೆಗೆ ಕರೆದುಕೊಂಡು ಹೋದಳು.

ಗೋದಾಬಾಯಿ ಡಾಕ್ಟರು. ಹೆರಿಗೆ ಮಾಡಿಸಲು ಊರಾಚೆಯ ಹಳ್ಳಿಗಳಿಗೂ ಹೋಗುತ್ತಿದ್ದಳು. ಮಳೆ ಬಿದ್ದ ದಿನ ಟಾಂಗಾದವರು ಆ ಕಡೆಗೆ ಬರಲು ಒಪ್ಪುತ್ತಿರಲಿಲ್ಲ. ಒಮ್ಮೆ ಅವಳು ಹೋಗಿ ಮುಟ್ಟುವುದರೊಳಗೆ ಎಲ್ಲ ಮುಗಿದುಹೋಗಿತ್ತು. ಆ ವಾರವೇ ಒಂದು ಹರಾಜಿನಲ್ಲಿ ಹಳೆಯ ಅಮೇರಿಕನ್ ಕಾರೊಂದನ್ನು ಕೊಂಡುಬಿಟ್ಟಳು. ಆದರೆ ಓಡಿಸಲು ಕೂತರೆ ಎದುರಿಗೆ ಏನಾದರೂ ಬಂದ ಕೂಡಲೇ ಕಣ್ಣು ಮುಚ್ಚಿಬಿಡುತ್ತಿದ್ದಳು. ಭಾಮಾ ಕಣ್ಣು ಮುಚ್ಚಲಿಲ್ಲ. ಕೋಥರೂಡ ಹಳ್ಳಿಯ ಕಡೆಗೆ ಹೋಗುವ ಖಾಲಿ ರಸ್ತೆಯಲ್ಲಿ ಎಮ್ಮೆಗಳನ್ನು ತಪ್ಪಿಸುತ್ತ ತಪ್ಪಿಸುತ್ತ ಅವಳು ಕಾರು ಕಲಿತಳು. ಬದುಕಿನಲ್ಲಿ ಮೊದಲ ಸಲ, ಇದು ನನಗೆ ಬರುತ್ತದೆ ಅಂತ ಎದೆ ತಟ್ಟಿ ಹೇಳುವಂಥದ್ದು ಒಂದು ಸಿಕ್ಕಿತು.

ಹಾಗಿರುವಾಗ ಎಡಗಡೆಯ ಹಿಂದಿನ ಗಾಲಿ ಕೈಕೊಡಲು ಶುರುಮಾಡಿತು.

ಮೊದಲ ಸಲ ಹಡಪಸರದಿಂದ ಬರುವಾಗ ಬೀಸುಕಲ್ಲು ತಿರುಗಿದಂತೆ ಸದ್ದಾಯಿತು. ಭಾಂಬುರ್ಡೆಯ ಗ್ಯಾರೇಜಿನ ಅವಧೂತ ಮಿಸ್ತ್ರಿ ಗಾಲಿ ಬಿಚ್ಚಿ ನೋಡಿ, ಬೇರಿಂಗ್ ಪುಡಿಯಾಗಿದೆ ಅಂತ ಹೊಸದು ಹಾಕಿದ. ಕೆಲವು ತಿಂಗಳಲ್ಲಿ ರೈಲ್ವೆ ಗೇಟಿನ ಹತ್ತಿರ ಗಾಲಿಯನ್ನು ತಿರುಗಿಸುವ ಅಚ್ಚೇ ಮುರಿಯಿತು. ಹೊಸ ಅಚ್ಚು, ಹೊಸ ಬೇರಿಂಗ್. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಮುರಿಯಿತು, ಅದೂ ಹೆರಿಗೆಗೆ ಹೋಗುವ ದಾರಿಯಲ್ಲಿ. ಗೋದಾಬಾಯಿ ಯಾರದೋ ಎತ್ತಿನ ಗಾಡಿ ಹತ್ತಿ ಹಳ್ಳಿ ಮುಟ್ಟಿದಳು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಆ ದಿನ ಮನೆಗೆ ಬಂದ ಮೇಲೆ ಅಕ್ಕ ಊಟಕ್ಕೂ ಕೂರದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಭಾಮಾಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಅವಧೂತ ಬೆಳಗಾವಿ ಕಡೆಯವನು. ಮುಚ್ಚಿಟ್ಟು ಮಾತಾಡುವ ಮನುಷ್ಯನಲ್ಲ. "ನೋಡ್ರಿ ಬಾಯೀ, ತೆಗ್ಗು ದಿನ್ನಿ ನೋಡದ ಹೊಡದ್ರ ಯಾವ ಅಚ್ಚು ತಡೀತದ? ಹೆಣ್ಣಮಕ್ಕಳ ಕೈಗೆ ಇದು ಆಗಿಬರೂದಲ್ಲ, ಬಿಡ್ರಿ" ಅಂದ.

ಅಲ್ಲಿಂದ ಮುಂದೆ ಭಾಮಾ ಎಷ್ಟು ಮೆಲ್ಲಗೆ ಓಡಿಸಿದಳೆಂದರೆ ಸೈಕಲ್ಲಿನವರೂ ಹಿಂದೆ ಹಾಕಿ ಹೋಗುತ್ತಿದ್ದರು. ಆದರೂ ಎಡಗಡೆಯಿಂದ ಬೀಸುಕಲ್ಲಿನ ಸದ್ದು ಸಣ್ಣಗೆ ಮತ್ತೆ ಕೇಳಿಸಿದಾಗ ಅವಳ ಧೈರ್ಯ ಉಡುಗಿತು. ಕಾರಿನ ಕೀಲಿ ತಂದು ಅಕ್ಕನ ಮುಂದಿಟ್ಟಳು.

"ಬ್ಯಾಡ ಅಕ್ಕಾ. ನನ್ನ ಕೈಯಾಗ ಏನೋ ದೋಷ ಅದ. ಇನ್ನೊಬ್ಬ ಬಸುರಿ ದಾರಿ ಕಾಯೂದು ನನಗ ಬ್ಯಾಡ."

ಗೋದಾಬಾಯಿ ತಂಗಿಯ ಮುಖ ನೋಡಿದಳು. ಕೊನೆಗೆ ಹೊಸ ಬೇರಿಂಗ್ ಹಾಕಿಸಿ, ಮುರುಗೆಪ್ಪನೆಂಬ ಡ್ರೈವರನನ್ನು ಇಟ್ಟುಕೊಂಡಳು. ಗದಗಿನ ಕಡೆಯ ಅವನು ಸಾತಾರೆಯ ರಸ್ತೆಯಲ್ಲಿ ಬಸ್ಸು ಓಡಿಸಿದವನು. ಮಾತು ಕಡಿಮೆ, ಕೈ ಗಟ್ಟಿ. ಭಾಮಾ ಮತ್ತೆ ಅಡುಗೆಮನೆ ಹಿಡಿದಳು. ಕಾರಿನ ಸದ್ದು ಕೇಳಿದರೆ ಒಲೆಯ ಕಡೆಗೆ ಮುಖ ತಿರುಗಿಸಿ ಕೂರುತ್ತಿದ್ದಳು.

ಚಳಿಗಾಲ ಕಳೆದು ಬಿಸಿಲು ಏರುತ್ತಿದ್ದ ಒಂದು ದಿನ ಮಧ್ಯಾಹ್ನ ಮುರುಗೆಪ್ಪ ನಡೆದುಕೊಂಡು ಬಂದ. ತಲೆಯ ರುಮಾಲು ಕೈಯಲ್ಲಿತ್ತು. ಗೋದಾಬಾಯಿ ದವಾಖಾನೆಯಲ್ಲಿದ್ದಳು. ಬಾಗಿಲಿಗೆ ಬಂದವಳು ಭಾಮಾ.

"ಅಕ್ಕಾರ, ಅಚ್ಚು ಮುರೀತ್ರಿ."

"ಯಾವ ಕಡೀದು?"

"ಎಡಗಡೀದರೀ. ದೇವರಾಣಿ, ನಾ ಜೋರ ಹೊಡದಿಲ್ಲರಿ. ದಾರಿ ಸಪಾಟ ಇತ್ತು."

ಭಾಮಾ ಹೊಸ್ತಿಲ ಮೇಲೆ ಹಾಗೆಯೇ ಕುಳಿತುಬಿಟ್ಟಳು. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ತಲೆ ಎತ್ತಿ ನೋಡಿದರೆ ಮುರುಗೆಪ್ಪನ ಮುಖ ಸುಣ್ಣದಂತಾಗಿತ್ತು. ಕೆಲಸ ಹೋಯಿತು ಅಂತಲೇ ಅವನು ತಿಳಿದಿದ್ದ. ತನ್ನ ಮುಖವೂ ಹಿಂದೆ ಹೀಗೇ ಇದ್ದಿರಬೇಕು ಅನ್ನಿಸಿ ಅವಳಿಗೆ ನಾಚಿಕೆಯಾಯಿತು.

"ಮುರುಗೆಪ್ಪನವರ, ಒಳಗ ಬಂದು ಮೊದಲ ನೀರು ಕುಡೀರಿ. ಇದು ನಿಮ್ಮ ತಪ್ಪಲ್ಲ. ನನ್ನದೂ ಅಲ್ಲ" ಅಂದಳು. ಆ ಕೊನೆಯ ಮಾತನ್ನು ಅವಳು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಮರುದಿನ ಇಬ್ಬರೂ ಗ್ಯಾರೇಜಿಗೆ ಹೋದರು. ಎತ್ತು ಕಟ್ಟಿ ಎಳೆತಂದ ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ಮುರಿದದ್ದು ಯಾರ ಕೈಯಲ್ಲಿ ಅಂತ ಕೇಳಿದ ಅವಧೂತ, ಉತ್ತರ ಕೇಳಿ ಮುರುಗೆಪ್ಪನತ್ತ ತಿರುಗಿ ನೋಡಿದ.

ಭಾಮಾ ಹೇಳಿದಳು: "ಮಿಸ್ತ್ರಿ, ಓಡಿಸೋರು ಬದಲಾದ್ರು, ಅಚ್ಚು ಬದಲಾತು, ಬೇರಿಂಗ್ ಬದಲಾತು. ಬದಲಾಗದ್ದು ಏನದ ಹೇಳ್ರಿ. ಬಲಗಡೆ ಒಮ್ಮೆನೂ ಯಾಕ ಮುರೀಲಿಲ್ಲ?"

ಅವಧೂತ ತಲೆ ಕೆರೆದುಕೊಂಡ. "ನೀವು ಹೇಳೂದು ಖರೆ ಅದ. ಮುರದದ್ದನ್ನ ತಗದು ಹೊಸಾದು ಹಾಕತಾ ಬಂದೆ. ಅದು ಯಾಕ ಮುರೀತು ಅಂತ ಕೂತು ನೋಡಲೇ ಇಲ್ಲ ನಾನು."

ಹೊಸ ಅಚ್ಚು ತೂರಿಸಿ ಗಾಲಿ ಕೂರಿಸಿದ. ಆಮೇಲೆ ಜಾಕ್ ಕೊಟ್ಟು ಕಾರಿನ ಹಿಂಭಾಗವನ್ನು ಎತ್ತಿ ನಿಲ್ಲಿಸಿದರು. ಎರಡು ಹಿಂದಿನ ಗಾಲಿಗಳ ನಡುವಿನ ಅಂತರವನ್ನು ಹಗ್ಗ ಹಿಡಿದು, ಮೊದಲು ಗಾಲಿಗಳ ಮುಂಬದಿಯಲ್ಲಿ, ನಂತರ ಹಿಂಬದಿಯಲ್ಲಿ ಅಳೆದರು. ಹಿಂಬದಿಯಲ್ಲಿ ಹಗ್ಗ ಒಂದು ಬೆರಳಿನಷ್ಟು ಕಡಿಮೆ ಬಿತ್ತು. ಗಾಲಿಗಳು ಒಂದಕ್ಕೊಂದು ಸರಿಯಾಗಿ ನಿಂತಿರಲಿಲ್ಲ.

"ಗಾಲಿನ ಸೊಟ್ಟ ಆಗಿರಬೇಕರಿ" ಅಂದ ಮುರುಗೆಪ್ಪ.

"ಹಂಗಾದ್ರ ಗಾಲಿ ಅರ್ಧಾ ತಿರುಗಿಸಿ ಮತ್ತ ಅಳೀರಿ" ಅಂದಳು ಭಾಮಾ. "ಗಾಲಿ ಸೊಟ್ಟ ಇದ್ರ ಸೊಟ್ಟೂ ಅದರ ಕೂಡ ತಿರಗಬೇಕು."

ತಿರುಗಿಸಿ ಅಳೆದರು. ವ್ಯತ್ಯಾಸ ಮೊದಲಿದ್ದಷ್ಟೇ ಇತ್ತು, ಮೊದಲಿದ್ದಲ್ಲೇ ಇತ್ತು. ದೋಷ ತಿರುಗುವ ಗಾಲಿಯಲ್ಲಿರಲಿಲ್ಲ, ತಿರುಗದೆ ನಿಂತದ್ದರಲ್ಲಿತ್ತು. ಅವಧೂತ ಕಾರಿನಡಿಗೆ ತೂರಿ, ಅಚ್ಚನ್ನು ಒಳಗೆ ಹಿಡಿದಿಟ್ಟುಕೊಂಡ ದಪ್ಪ ಕಬ್ಬಿಣದ ಕೊಳವೆಯ ಮೇಲಿನ ಕೆಸರು, ಜಿಡ್ಡನ್ನೆಲ್ಲ ಸೀಮೆಎಣ್ಣೆ ಹಾಕಿ ತಿಕ್ಕಿದ. ಎಡಗಡೆ, ಗಾಲಿಗೆ ಗೇಣು ದೂರದಲ್ಲಿ, ಹಳೆಯ ಏಟಿನ ತಗ್ಗೊಂದು ಕಾಣಿಸಿತು. ಕಾರು ಯಾವಾಗಲೋ ಯಾವುದೋ ಬಂಡೆಗೆ ಅಪ್ಪಳಿಸಿತ್ತು, ಕೊಳವೆ ಬಗ್ಗಿತ್ತು. ಅಕ್ಕತಂಗಿಯರು ಅದನ್ನು ಕೊಳ್ಳುವ ಎಷ್ಟೋ ಮೊದಲಿನ ಮಾತು ಅದು, ಯಾಕೆಂದರೆ ತಗ್ಗಿನೊಳಗೆ ತುಕ್ಕು ಹಳೆಯದಾಗಿ ಕಪ್ಪಾಗಿ ಕೂತಿತ್ತು.

ಬಗ್ಗಿದ ಕೊಳವೆಯೊಳಗೆ ನೆಟ್ಟಗಿನ ಅಚ್ಚು ತಿರುಗಬೇಕಾದರೆ ಪ್ರತಿ ಸುತ್ತಿಗೂ ಅದು ಇಷ್ಟೇ ಇಷ್ಟು ಬಾಗಬೇಕು. ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತ ಹೋದರೆ ತುಂಡಾಗುತ್ತದಲ್ಲ, ಹಾಗೆ. ಬೇರಿಂಗೂ ಒಂದೇ ಮಗ್ಗುಲಿಗೆ ಸವೆದು ಸವೆದು ಪುಡಿಯಾಗುತ್ತಿತ್ತು. ದೇವರೇ ಬಂದು ಓಡಿಸಿದರೂ ಅದು ಮುರಿಯುವುದೇ.

ಅವಧೂತ ಕೈ ಒರೆಸಿಕೊಳ್ಳುತ್ತ ಎದ್ದು ಬಂದ. "ಬಾಯೀ, ನಾ ಆವತ್ತ ಏನೋ ಅಂದೆ. ಅದನ್ನ ಮನಸ್ಸಿನ್ಯಾಗ ಇಟಗೋಬ್ಯಾಡ್ರಿ."

"ಇಟಗೊಂಡಿದ್ದೆ. ಈಗ ಬಿಟ್ಟೆ" ಅಂದಳು. ಮೂವರೂ ನಕ್ಕರು.

ಬಗ್ಗಿದ್ದನ್ನು ಕಾಯಿಸಿ ನೆಟ್ಟಗೆ ಮಾಡುವುದು ಅವಧೂತನಿಗೆ ಒಪ್ಪಿಗೆಯಾಗಲಿಲ್ಲ. ಹಳೇ ಬಾಜಾರದಲ್ಲಿ ಅದೇ ಜಾತಿಯ ಒಂದು ಗುಜರಿ ಕಾರು ಹುಡುಕಿ, ಅದರ ಕೊಳವೆ ಬಿಚ್ಚಿ ತಂದು ಕೂರಿಸಿದ. ಈ ಸಲ ಹಗ್ಗ ಎರಡೂ ಕಡೆ ಸಮ ಬಂತು. ಪರೀಕ್ಷೆಗೆಂದು ಭಾಮಾ ದಿವೆ ಘಾಟಿನ ತುದಿಯವರೆಗೆ ತಾನೇ ಓಡಿಸಿದಳು. ಹಿಂದೆ ಮಿಸ್ತ್ರಿ, ಪಕ್ಕದಲ್ಲಿ ಮುರುಗೆಪ್ಪ. ಬೇರಿಂಗಿಗೆ ತೊಂದರೆಯಿದ್ದರೆ ಗಾಲಿಯ ನಡುಭಾಗ ಸುಡುವಷ್ಟು ಕಾಯುತ್ತದೆ. ಘಾಟಿನ ಮೇಲೆ ಕಾರು ನಿಲ್ಲಿಸಿ ಇಳಿದು ಅವಳು ಎಡಗಡೆಯ ಗಾಲಿಯ ನಡುವಿಗೆ ಅಂಗೈ ಇಟ್ಟಳು. ಬೆಚ್ಚಗಿತ್ತು, ಅಷ್ಟೆ. ಬಲಗಡೆಯದನ್ನೂ ಮುಟ್ಟಿ ನೋಡಿದಳು. ಅದೂ ಅಷ್ಟೇ ಬೆಚ್ಚಗಿತ್ತು.

ಮುರುಗೆಪ್ಪನನ್ನು ಗೋದಾಬಾಯಿ ಕೆಲಸದಿಂದ ಬಿಡಿಸಲಿಲ್ಲ. ಮಳೆಗಾಲದವರೆಗೆ ಇದ್ದು, ಬಸ್ಸಿನ ಕೆಲಸವೇ ತನಗೆ ಹೊಂದುತ್ತದೆ ಅಂತ ಅವನೇ ಸಾತಾರೆಯ ದಾರಿಗೆ ಮರಳಿದ. ಹೋಗುವಾಗ, "ಭಾಮಾ ಅಕ್ಕಾರು ಗಾಡಿ ಹೊಡಿಯೂದರಾಗ ನನಗಿಂತ ಒಂದು ಕೈ ಮ್ಯಾಲೇರಿ" ಅಂತ ಡಾಕ್ಟರಬಾಯಿಯ ಮುಂದೆಯೇ ಹೇಳಿ ಹೋದ.

ಆಮೇಲೆ ಒಂದು ಸಂಜೆ, ಸಾಸವಡದ ಹತ್ತಿರ ಅವಳಿ ಮಕ್ಕಳ ಹೆರಿಗೆ ಮಾಡಿಸಿ ಅಕ್ಕತಂಗಿಯರು ಮರಳುತ್ತಿದ್ದರು. ಘಾಟು ಇಳಿಯುವಾಗ ಭಾಮಾ ಏನೋ ಕೇಳಿದಳು, ಉತ್ತರ ಬರಲಿಲ್ಲ. ತಿರುಗಿ ನೋಡಿದರೆ, ದಾರಿಯುದ್ದಕ್ಕೂ ಎಡಗಡೆಯ ಗಾಲಿಗೇ ಕಿವಿಗೊಟ್ಟು ಕೂರುತ್ತಿದ್ದ ಗೋದಾಬಾಯಿ ಚೀಲವನ್ನು ತಲೆಗಿಟ್ಟುಕೊಂಡು, ಬಾಯಿ ತೆರೆದು ಗಾಢವಾಗಿ ನಿದ್ದೆ ಹೋಗಿದ್ದಳು. ಭಾಮಾ ಮುಂದಿನ ದಾರಿಯತ್ತ ಕಣ್ಣು ತಿರುಗಿಸಿದಳು.