ಕದಿರಮ್ಮನ ಗೆಡ್ಡೆಯಿಲ್ಲದ ಬೀಟ್‌ರೂಟು

ಹೋಳೂರಿನ ಕದಿರಮ್ಮ ಬಂಡೆಯ ಮೇಲೆ ಬೀಜ ಎಸೆದರೂ ಬಂಡೆಯೇ ನಾಚಿಕೊಂಡು ಮೊಳಕೆ ಬಿಡುತ್ತಿತ್ತು. ಗಂಡ ತೀರಿಕೊಂಡ ಮೇಲೆ ಆ ತುಂಬಿದ ಮನೆಯಲ್ಲಿ ಆಕೆಯದು ಅಂತ ಉಳಿದದ್ದು ಬಾವಿಯ ಪಕ್ಕದ ಒಂದು ಸೊಪ್ಪಿನ ಮಡಿ. ಅದರ ಮೇಲೂ ಮೈದುನ ಗಂಗುಲಪ್ಪನ ಕಣ್ಣು. ಅಲ್ಲಿ ಹಿಪ್ಪುನೇರಳೆ ಹಾಕಬೇಕೆಂದು.

ಯುದ್ಧದ ಕಾಲ ಅದು. ಚಿನ್ನದ ಗಣಿಯ ದೊರೆಯೊಬ್ಬನ ಬಂಗಲೆಯಲ್ಲಿ ಮಾಲಿಯಾಗಿದ್ದ ಆಕೆಯ ತಮ್ಮ ಶ್ರೀರಾಮಪ್ಪ ಒಂದು ಹಿಡಿ ಬೀಜ ತಂದುಕೊಟ್ಟ. ಹೆಸರು ಚಾರ್ಡಂತೆ. ನೋಡಿದರೆ ಥೇಟು ಬೀಟ್‌ರೂಟಿನ ಬೀಜ. ಊರೆಲ್ಲ ಬೀಟ್‌ರೂಟೇ ಅಂದಿತು, ಕದಿರಮ್ಮನೂ ನಂಬಿದಳು.

"ಸಂಕ್ರಾಂತಿ ಹೊತ್ಗೆ ಗೆಡ್ಡೆ ಕಟ್ದೇ ಇದ್ರೆ ಮಡಿ ನಿಂದೇ ಕಣಪ್ಪಾ" ಎಂದು ಮೈದುನನಿಗೆ ಮಾತು ಕೊಟ್ಟುಬಿಟ್ಟಳು.

ಎಲೆ ಕಿತ್ತರೆ ಗೆಡ್ಡೆ ಸೊರಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಒಂದೆಲೆಯನ್ನೂ ಯಾರೂ ಮುಟ್ಟಕೂಡದು. ಮೇಕೆ ಬಂದರೆ ಕೋಲು, ನೆರೆಯವರು ಬಂದರೆ ಬೈಗುಳ. ಎಲೆಗಳು ಬೆಳೆದವು ನೋಡಿ! ದಂಟು ಕೆಂಪಗೆ, ಎಲೆ ಮೊರದಗಲ. ಮುಳಬಾಗಿಲಿಗೆ ಹೋಗುವ ಗಾಡಿಯವರು ಎತ್ತು ಬಿಚ್ಚಿ ಅದರ ನೆರಳಲ್ಲೇ ಮಲಗುತ್ತಿದ್ದರು. ಒಬ್ಬ ಕಣ್ಣುಬಿಡುವಷ್ಟರಲ್ಲಿ ಎಲೆ ಇನ್ನೂ ಅಗಲವಾಗಿ, ಹೊರಬರುವ ದಾರಿ ಕಾಣದೆ ಕೂಗಿಕೊಂಡ. ನಾನೇ ಹೋಗಿ ಕೈಹಿಡಿದು ಕರೆತಂದೆ.

ಸಂಕ್ರಾಂತಿಯ ಮಾರನೆಯ ದಿನ ಗಂಗುಲಪ್ಪ ಒಂದು ಗಿಡ ಕಿತ್ತ. ಕೆಳಗೆ ಕವಲೊಡೆದ ಒರಟು ಬೇರು. ಗೆಡ್ಡೆಯ ಸುಳಿವಿಲ್ಲ. ಚಾರ್ಡೆಂದರೆ ಬರೀ ಎಲೆಗಾಗಿ ಬೆಳೆಯುವ, ಬೀಟ್‌ರೂಟಿನ ಬಳಗದ ಸೊಪ್ಪೆಂದು ನಮಗೆ ತಿಳಿದದ್ದು ಆಮೇಲೆ.

"ಏನ್ ಅತ್ತಿಗಮ್ಮ, ಗೆಡ್ಡೆ ಗಣಿ ಒಳಕ್ಕೆ ಇಳ್ದೋಯ್ತಾ?"

"ನಗಪ್ಪಾ, ನಗು. ಮಾತು ಮಾತೇ. ಹಿಪ್ಪುನೇರಳೆ ಕಡ್ಡಿ ಯಾವತ್ತು ತರ್ತೀಯ?"

"ಬರೋ ವಾರ."

"ಹಂಗಾದ್ರೆ ಎಲೆನಾದ್ರೂ ನಂಗೆ ಬಿಡು."

ಕದಿರಮ್ಮ ಕುಡುಗೋಲು ಹಿಡಿದು ಮಡಿಯನ್ನೆಲ್ಲ ಬೋಳಿಸಿದಳು. ಬುಡದಲ್ಲಿ ನಡುವಿನ ಸುಳಿಯಷ್ಟೇ ಉಳಿಯಿತು. ಸೊಪ್ಪನ್ನು ಅವರೆಕಾಳಿನೊಂದಿಗೆ ಬೇಯಿಸಿ, ಕಟ್ಟು ಬಸಿದು, ಬಸ್ಸಾರು ಮಾಡಿದಳು. ಗಂಗುಲಪ್ಪ ಮುದ್ದೆ ಮುರಿದು ಅದ್ದಿದವನು ತಲೆಯೆತ್ತಲೇ ಇಲ್ಲ. ಆ ಘಮಕ್ಕೆ ಅಷ್ಟು ದೂರದ ಶ್ರೀನಿವಾಸಪುರದಲ್ಲಿ ಬೀಗರು ಊಟಕ್ಕೆ ಕೈತೊಳೆದು ಕೂತರಂತೆ.

ಮುಂದಿನ ವಾರ ಅವನು ಕಡ್ಡಿಯ ಕಟ್ಟು ಹೊತ್ತು ಮಡಿಯ ಹತ್ತಿರ ಬಂದ, ನಿಂತ. ಬೋಳಾಗಿದ್ದ ಒಂದೊಂದು ಬುಡದಲ್ಲೂ ಸುಳಿಯೊಡೆದು ಅಂಗೈಯಗಲ ಹೊಸ ಎಲೆ. ಎಳೆಬಿಸಿಲು ಒಳಗೇ ಹೊತ್ತಿಕೊಂಡ ಹಾಗೆ ಕೆಂಪು ನರಗಳು. ಇದಕ್ಕೆ ನಾನು ಒಗ್ಗರಣೆ ಹಾಕುತ್ತಿಲ್ಲ. ಸೊಪ್ಪೆಂದರೆ ಬೇರುಸಮೇತ ಕಿತ್ತು ಮುಗಿಸುವ ಜನ ನಾವು. ಎಲ್ಲ ಕೊಟ್ಟ ಮೇಲೂ ಮತ್ತೆ ಕೊಡಲು ನಿಂತ ಗಿಡವನ್ನು ಊರು ಬಾಯಿಬಿಟ್ಟುಕೊಂಡು ನೋಡಿತು.

"ಇದು ಎಷ್ಟು ದಿನ ಹಿಂಗೇ ಬರ್ತದೆ ಅತ್ತಿಗಮ್ಮ?" ಗಂಗುಲಪ್ಪನ ದನಿ ತಗ್ಗಿತ್ತು.

"ನಂಗೇನು ಗೊತ್ತಪ್ಪಾ? ಕೊಯ್ತಾ ಹೋದ್ರೆ ಗೊತ್ತಾಗ್ತದೆ. ಮಡಿ ಈಗ ನಿಂದು, ಕೀಳೋದಾದ್ರೆ ಕೀಳು."

ಅವನು ಬಗ್ಗಿ ಒಂದೆಲೆ ಮುಟ್ಟಿದ. ಕಟ್ಟನ್ನು ಮತ್ತೆ ಹೆಗಲಿಗೇರಿಸಿದ.

"ಕಡ್ಡಿ ಹೊಲದ ಬದುವಿನ ಮೇಲೆ ನೆಡ್ತೀನಿ. ನೀನು ಕುಡುಗೋಲು ತಗೋ ಅತ್ತಿಗಮ್ಮ, ನೆಟ್ಟು ಬಂದು ಅವರೆಕಾಯಿ ನಾನು ಬಿಡಿಸ್ಕೊಡ್ತೀನಿ."